ಸಂಶೋಧನೆಯ ಹೊಸ್ತಿಲಲ್ಲಿ ತರುಣರು, ಅವರ ಮಾರ್ಗದರ್ಶಕರು

ಸುಗ್ಗಿಯ ದಿನಗಳಲ್ಲಿ ನಮ್ಮ ಅಮರಗೋಳದ ಮಾರುಕಟ್ಟೆಯ ಪ್ರಾಂಗಣಕ್ಕೆ ಬಂದಿಳಿಯುವ ಹತ್ತಿಯ ಅಂಡಿಗೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ರೈತನ ಬೆವರು ಅವುಗಳ ಹಿಂದೆ ಇರುವುದೆಂಬುದು ಎಲ್ಲರಿಗೂ ವಿದಿತವಾದದ್ದೇ. ಆದರೆ ಅವುಗಳ ಹಿಂದೆ ಇನ್ನೊಂದು ಬಗೆಯ ಬೆವರೂ ಇರುವುದೆಂಬುದನ್ನು ಬಲ್ಲವರು ಕಡಿಮೆ. ಎರಡು ಬೇರೆ ಪ್ರಭೇದಗಳ ಹತ್ತಿಯನ್ನು ಸಂಕರಗೊಳಿಸಿ, ಉದ್ದ ಎಳೆಯ 'ವರಲಕ್ಷ್ಮಿ' ಎಂಬ ತಳಿಯನ್ನು 1972ರಲ್ಲಿ ಲೋಕಕ್ಕೆ ನೀಡಿದವರು ನಮ್ಮ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದ ಡಾ. ಬಿ. ಎಚ್. ಕಟರಕಿಯವರು. ಇಂದು ಹೊಲಗಳಲ್ಲಿ ಆ ತಳಿಯ ಸ್ಥಾನವನ್ನು ಬೇರೆ ತಳಿಗಳು ಪಡೆದಿವೆಯಾದರೂ ಆ ಸಾಧನೆಯ ಮಹತ್ತ್ವವು ಕುಂದಿಲ್ಲ. ಒಂದು ಬೀಜವು ಸಿದ್ಧವಾಗಲು ಹಲವು ವರ್ಷಗಳು ಬೇಕು. ಆ ಬೀಜವನ್ನು ಸಿದ್ಧಪಡಿಸಬಲ್ಲ ವ್ಯಕ್ತಿಯು ಸಿದ್ಧವಾಗಲು ಅದಕ್ಕಿಂತಲೂ ಹೆಚ್ಚು ವರ್ಷಗಳು ಬೇಕು. ಆ ವ್ಯಕ್ತಿಯನ್ನು ಸಿದ್ಧಪಡಿಸುವ ಬಗೆ ಯಾವುದು, ಅದರಲ್ಲಿ ಹಿರಿಯರ ಪಾತ್ರವೇನು ಎಂಬುದೇ ಪ್ರಕೃತ ಲೇಖನದ ವಿಷಯ.

ವಿಜ್ಞಾನವು ನನ್ನ ಅಭ್ಯಾಸದ ಕ್ಷೇತ್ರವಲ್ಲ. ಹಳಗನ್ನಡದ ಹಸ್ತಪ್ರತಿಗಳ ನಡುವೆ ಬೆಳೆದವನು ನಾನು. ಆದರೂ ಸಂಶೋಧನೆಯ ಮೊದಲ ಪಾಠ ಎಲ್ಲ ಶಾಸ್ತ್ರಗಳಲ್ಲಿಯೂ ಒಂದೇ ಎಂಬುದು ನನ್ನ ಅನುಭವ. ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ಕಾಲದಲ್ಲಿ ನನ್ನ ಗುರುಗಳು ಒಂದು ಹಸ್ತಪ್ರತಿಯ ಪಾಠಾಂತರಗಳನ್ನು ಗುರುತಿಸುವ ಕೆಲಸವನ್ನು ನನಗೊಪ್ಪಿಸಿದ್ದರು. ಒಂದೆಡೆ ಗರಿಯು ಹರಿದು ಎರಡಕ್ಷರಗಳು ಹೋಗಿದ್ದವು. ಛಂದಸ್ಸಿಗೆ ಹೊಂದುವಂತೆ ನಾನೇ ಎರಡಕ್ಷರಗಳನ್ನು ತುಂಬಿ, ತುಂಬಿದ್ದೇನೆಂದು ಹೇಳದೆ ಒಪ್ಪಿಸಿದೆ. ಗುರುಗಳು ಹಾಳೆಯನ್ನು ಓದಿ, "ಇವು ಯಾವ ಪ್ರತಿಯಲ್ಲಿವೆ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಗದರಿಸಲಿಲ್ಲ, 'ಇಲ್ಲಿ ಎರಡಕ್ಷರ ಲುಪ್ತ' ಎಂದು ನನ್ನ ಕೈಯಿಂದಲೇ ಬರೆಯಿಸಿದರು. ತುಂಬಿದ ಅಕ್ಷರಗಳು ಸರಿಯಾಗಿದ್ದಿರಬಹುದು. ಆದರೂ ಕಾಣದ್ದನ್ನು ಕಂಡೆನೆನ್ನಬಾರದು. ಪ್ರಯೋಗಶಾಲೆಯಲ್ಲಿ ಅಂಕಿಗಳನ್ನು ಬರೆದುಕೊಳ್ಳುವ ತರುಣನಿಗೂ ಇದೇ ನಿಯಮ. ಇದು ಪುಸ್ತಕದಿಂದ ಬರುವುದು ಸ್ವಲ್ಪ, ಪಕ್ಕದಲ್ಲಿ ಕುಳಿತ ಹಿರಿಯರಿಂದ ಬರುವುದು ಬಹಳ.

ಮಾರ್ಗದರ್ಶನದ ಬೆಲೆಯನ್ನೂ ಅದು ದೊರೆಯದಾಗ ಆಗುವ ನಷ್ಟವನ್ನೂ ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇತಿಹಾಸದತ್ತ ಒಮ್ಮೆ ದೃಷ್ಟಿ ಹರಿಸಬೇಕು. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸರ್ ಸಿ. ವಿ. ರಾಮನ್ನರು 1933ರಲ್ಲಿ ಆ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಪ್ರತಿಭೆಯನ್ನು ಗುರುತಿಸುವುದರಲ್ಲಿ ಅವರ ಕಣ್ಣು ಸೂಕ್ಷ್ಮವಾದದ್ದು. ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿದ್ದ ಜಿ. ಎನ್. ರಾಮಚಂದ್ರನ್ ಎಂಬ ತರುಣನನ್ನು ತಮ್ಮ ಭೌತಶಾಸ್ತ್ರ ವಿಭಾಗಕ್ಕೆ ಕರೆದುಕೊಂಡವರು ಅವರೇ. ಆ ತರುಣನು ಮುಂದೆ ಪ್ರೋಟೀನುಗಳ ರಚನೆಯ ಅಧ್ಯಯನದಲ್ಲಿ ಜಗತ್ಪ್ರಸಿದ್ಧನಾದನು.

ಅದೇ ರಾಮನ್ನರು 1933ರಲ್ಲಿ ಮುಂಬಯಿಯಿಂದ ಬಂದ ಕಮಲಾ ಭಾಗವತ್ ಎಂಬ ಯುವತಿಗೆ ಸ್ತ್ರೀ ಎಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸಿದರು. ಆಕೆ ಹಿಂದೆಗೆಯಲಿಲ್ಲ. ಕೊನೆಗೆ ಒಂದು ವರ್ಷದ ಪರೀಕ್ಷಾವಧಿ ಮೊದಲಾದ ಕಠಿಣ ನಿಬಂಧನೆಗಳ ಮೇಲೆ ಪ್ರವೇಶ ದೊರೆಯಿತು. ಆಗ ಆಕೆಗೆ ಮಾರ್ಗದರ್ಶಕರಾಗಿ ಒದಗಿದವರು ಎಂ. ಶ್ರೀನಿವಾಸಯ್ಯನವರು. ಅವರು ಕೆಲಸದಲ್ಲಿ ಕಟ್ಟುನಿಟ್ಟಿನವರು, ಕಲಿಸುವುದರಲ್ಲಿ ಉದಾರಿಗಳು. ಅವರ ಬಳಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನನ್ನು ಅಭ್ಯಸಿಸಿದ ಆಕೆ ಕೇಂಬ್ರಿಜ್ಜಿಗೆ ತೆರಳಿ, 1939ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಇವರೇ ಮುಂದೆ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದವರು. ಆಕೆಯ ಒಂದು ವರ್ಷದ ಕೆಲಸವನ್ನು ಕಂಡ ರಾಮನ್ನರು ತಮ್ಮ ಅಭಿಪ್ರಾಯವನ್ನು ಬದಲಿಸಿ, ಸ್ತ್ರೀಯರಿಗೂ ಪ್ರವೇಶ ನೀಡತೊಡಗಿದರು.

ಎರಡನೆಯ ಪ್ರಸಂಗವು ಅಣ್ಣಾ ಮಾಣಿಯವರದು. 1940ರಲ್ಲಿ ಅವರು ರಾಮನ್ನರ ಪ್ರಯೋಗಶಾಲೆಯನ್ನೇ ಸೇರಿ, ವಜ್ರ ಮತ್ತು ಮಾಣಿಕ್ಯಗಳು ಹೊರಸೂಸುವ ಬೆಳಕನ್ನು ಅಭ್ಯಸಿಸಿದರು. ಒಂದೊಂದು ಛಾಯಾಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಕಾಯಬೇಕಾಗುತ್ತಿದ್ದುದರಿಂದ ಅವರು ರಾತ್ರಿಯನ್ನು ಅಲ್ಲಿಯೇ ಕಳೆದದ್ದೂ ಉಂಟು. ತಮ್ಮ ಹೆಸರಿನಲ್ಲಿಯೇ ಲೇಖನಗಳನ್ನು ಪ್ರಕಟಿಸಿ, 1945ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧವನ್ನು ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣದಿಂದ ಅವರಿಗೆ ಡಾಕ್ಟರೇಟ್ ದೊರೆಯಲಿಲ್ಲ. ಅವರು ಎದೆಗುಂದದೆ ಹವಾಮಾನ ಇಲಾಖೆಯನ್ನು ಸೇರಿ, ದೇಶವು ವಿದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲಿಯೇ ತಯಾರಿಸುವಂತೆ ಮಾಡಿದುದು ಬೇರೆಯ ಮಾತು. ಐದು ವರ್ಷಗಳ ಪರಿಶ್ರಮವು ಒಂದು ನಿಯಮದ ಮುಂದೆ ನಿಂತಾಗ ಅದನ್ನು ಮೊದಲೇ ಊಹಿಸಿ ಎಚ್ಚರಿಸುವವರು ಬೇಕಲ್ಲವೆ? ಪ್ರಯೋಗವನ್ನು ಕಲಿಸುವುದು ಮಾರ್ಗದರ್ಶನದ ಅರ್ಧಭಾಗ ಮಾತ್ರ. ದಾರಿಯ ಕಲ್ಲುಮುಳ್ಳುಗಳನ್ನು ತೋರಿಸುವುದು ಉಳಿದ ಅರ್ಧ.

ಮೂರನೆಯವರು ನಮ್ಮ ನಾಡಿನವರೇ ಆದ ರಾಜೇಶ್ವರಿ ಚಟರ್ಜಿಯವರು. ಗಣಿತದಲ್ಲಿ ಎಂ.ಎಸ್ಸಿ. ಮಾಡಿದ್ದ ಅವರು ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂಪರ್ಕ ವಿಭಾಗವನ್ನು ಸೇರಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅಭ್ಯಾಸ ಮಾಡಿ, 1953ರಲ್ಲಿ ಹಿಂದಿರುಗಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಸೂಕ್ಷ್ಮತರಂಗಗಳ ಸಂಶೋಧನೆಯನ್ನು ಅಲ್ಲಿ ಬೆಳೆಸಿದ ಅವರ ಕೈಕೆಳಗೆ ಇಪ್ಪತ್ತು ಮಂದಿ ಡಾಕ್ಟರೇಟ್ ಪಡೆದರು. ಪಡೆದುಕೊಂಡದ್ದನ್ನು ಇಪ್ಪತ್ತು ಪಟ್ಟಾಗಿ ಹಿಂದಿರುಗಿಸುವುದೆಂದರೆ ಇದು.

ಈ ಮೂರು ಪ್ರಸಂಗಗಳಲ್ಲಿ ಒಂದು ಸಮಾನಾಂಶವಿದೆ. ಮೂವರೂ ಅಸಾಧಾರಣ ಧೈರ್ಯದವರು. ಆದರೆ ಧೈರ್ಯವು ಅಸಾಧಾರಣವಾಗಿದ್ದವರಿಗೆ ಮಾತ್ರ ತೆರೆಯುವ ಬಾಗಿಲನ್ನು ಬಾಗಿಲೆನ್ನಲಾಗದು. ಒಬ್ಬ ಗುರುವಿನ ಮನೋಧರ್ಮವನ್ನೇ ನೆಚ್ಚಿ ಶಿಷ್ಯನ ಭವಿಷ್ಯವು ನಿಲ್ಲಬಾರದೆಂಬ ಅರಿವಿನಿಂದ ನಮ್ಮ ಕಾಲದಲ್ಲಿ ಕೆಲವು ವ್ಯವಸ್ಥೆಗಳು ಏರ್ಪಟ್ಟಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮದಂತೆ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಿಂತ ಹೆಚ್ಚು ಡಾಕ್ಟರೇಟ್ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಪ್ರತಿ ಆರು ತಿಂಗಳಿಗೊಮ್ಮೆ ವಿದ್ಯಾರ್ಥಿಯು ಸಲಹಾ ಸಮಿತಿಯೊಂದರ ಮುಂದೆ ತನ್ನ ಕೆಲಸವನ್ನು ನಿವೇದಿಸಬೇಕು. ಹೀಗಾಗಿ ಮಾರ್ಗದರ್ಶಕರೊಬ್ಬರಲ್ಲದೆ ಬೇರೆಯವರ ಕಣ್ಣಿಗೂ ಅವನ ಕಷ್ಟವು ಬೀಳುವ ಅವಕಾಶವುಂಟು.

ಇನ್ನೂ ಎಳೆಯರಿಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನಗಳ ಅಕಾಡೆಮಿಯು ದಿಲ್ಲಿ ಮತ್ತು ಪ್ರಯಾಗರಾಜದ ಅಕಾಡೆಮಿಗಳೊಡನೆ ಕೂಡಿ ಬೇಸಿಗೆಯ ಎರಡು ತಿಂಗಳ ಶಿಷ್ಯವೃತ್ತಿಯನ್ನು ನಡೆಸುತ್ತ ಬಂದಿದೆ. 1934ರಲ್ಲಿ ಆ ಅಕಾಡೆಮಿಯನ್ನು ಸ್ಥಾಪಿಸಿದವರೂ ರಾಮನ್ನರೇ. 1989ರಲ್ಲಿ ಪ್ರೊ. ಸಿ. ಎನ್. ಆರ್. ರಾವ್ ಅವರ ನೇತೃತ್ವದಲ್ಲಿ ಹುಟ್ಟಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಕಾಲೇಜು ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಕರೆಸಿಕೊಂಡು ಪ್ರಯೋಗಶಾಲೆಯ ರೂಢಿಯನ್ನು ಕಲಿಸುವ ಪದ್ಧತಿಯನ್ನು ಬೆಳೆಸಿತು. 1999ರಲ್ಲಿ ಆರಂಭವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯು 2022ರಲ್ಲಿ ಇನ್‌ಸ್ಪೈರ್ ಯೋಜನೆಯಲ್ಲಿ ವಿಲೀನವಾಯಿತು. ಹೊಸದಾಗಿ ಅಧ್ಯಾಪಕರಾದ ಜೀವವಿಜ್ಞಾನಿಗಳಿಗೂ ಮಾರ್ಗದರ್ಶನ ಬೇಕೆಂದರಿತು, ತರುಣ ಸಂಶೋಧಕರು ಹಿರಿಯರೊಡನೆ ಕೆಲವು ದಿನ ಕಲೆತು ಚರ್ಚಿಸುವ ಸಮ್ಮೇಲನವನ್ನು 2009ರಿಂದ ನಡೆಸುತ್ತ ಬಂದಿರುವುದು ಕೂಡ ಶ್ಲಾಘನೀಯ.

ವ್ಯವಸ್ಥೆಗಳು ಇಷ್ಟಿದ್ದರೂ ನಮ್ಮ ಮಕ್ಕಳಿಗೆ ಅವು ತಲುಪುತ್ತಿವೆಯೆ? ನಮ್ಮ ಶಾಲೆಯಲ್ಲಿ ಕಲಿತ, ಒಕ್ಕಲು ಮನೆತನದ ಒಬ್ಬ ಹುಡುಗನು ಕೆಲವು ವರ್ಷಗಳ ಹಿಂದೆ ದೂರದ ಒಂದು ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಸಂಶೋಧನೆಗೆ ಸೇರಿದನು. ಎರಡು ವರ್ಷಗಳಾದ ಮೇಲೆ ಒಂದು ದಿನ ಇದೇ ಮಾರುಕಟ್ಟೆಯ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತ ನನ್ನ ಕಣ್ಣಿಗೆ ಬಿದ್ದನು. ಕಾರಣವನ್ನು ಕೇಳಿದಾಗ, "ಪ್ರಯೋಗ ಕೆಟ್ಟಿದ್ದಕ್ಕ ದುಃಖ ಇಲ್ರೀ ಗುರುಗಳ, ಕೆಟ್ಟೈತಿ ಅಂತ ಯಾರ ಮುಂದ ಹೇಳಬೇಕು ಅನ್ನೂದು ತಿಳೀಲಿಲ್ಲ" ಎಂದನು. ಆರು ತಿಂಗಳಿಗೊಮ್ಮೆ ಸಮಿತಿಯ ಮುಂದೆ ಹೋಗುತ್ತಿದ್ದನು; ಸೋಲನ್ನು ಹೇಳಿದರೆ ಶಿಷ್ಯವೃತ್ತಿಯೇ ನಿಲ್ಲುವುದೆಂಬ ಭಯದಿಂದ ಎಲ್ಲವೂ ಸರಿಯಿದೆ ಎನ್ನುತ್ತಿದ್ದನು. ಸಂಶೋಧನೆಯಲ್ಲಿ ಸೋಲು ನಿತ್ಯದ ಸಂಗತಿ ಎಂಬುದನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ. ಅವನನ್ನು ಹತ್ತು ವರ್ಷ ನೂರಕ್ಕೆ ನೂರು ಅಂಕಗಳಿಗಾಗಿಯೇ ಬೆಳೆಸಿದ ನಾವೂ ತಿಳಿಸಿರಲಿಲ್ಲ. ಆ ದಿನದಿಂದ ನನಗೆ ನೆಮ್ಮದಿಯಿಲ್ಲ.

ಆದ್ದರಿಂದ ಈ ಸಂಚಿಕೆಯ ವಾಚಕರಲ್ಲಿ ಮೂರು ವಿಜ್ಞಾಪನೆಗಳು. ಮೊದಲನೆಯದು ಅಧ್ಯಾಪಕ ಬಂಧುಗಳಿಗೆ: ಪ್ರಯೋಗದ ವಹಿಯಲ್ಲಿ ವಿದ್ಯಾರ್ಥಿಯು ಕಂಡದ್ದನ್ನೇ ಬರೆಯಲಿ, ಉತ್ತರ ತಪ್ಪಿದರೂ ತಪ್ಪಿದ ಬಗೆಯನ್ನು ವಿವರಿಸಿದವನಿಗೆ ಅಂಕ ದೊರೆಯಲಿ. ಎರಡನೆಯದು ಹಳೆಯ ವಿದ್ಯಾರ್ಥಿಗಳಿಗೆ: ನಿಮ್ಮಲ್ಲಿ ಸಂಶೋಧನೆಯಲ್ಲಿ ತೊಡಗಿದವರು ನಿಮ್ಮ ಹೆಸರನ್ನು ಶಾಲೆಗೆ ತಿಳಿಸಿರಿ, ಒಬ್ಬೊಬ್ಬರು ಒಬ್ಬ ಕಿರಿಯನಿಗೆ ತಿಂಗಳಿಗೊಮ್ಮೆಯಾದರೂ ಮಾತನಾಡಿಸುವ ಹಿರಿಯಣ್ಣನೋ ಅಕ್ಕನೋ ಆಗಿರಿ. ಅವನ ಪದವಿಯಾಗಲಿ ಶಿಷ್ಯವೃತ್ತಿಯಾಗಲಿ ನಿಮ್ಮ ಕೈಯಲ್ಲಿಲ್ಲವಾದ್ದರಿಂದಲೇ ಅವನು ನಿಮ್ಮ ಮುಂದೆ ಸೋಲನ್ನು ನಿರ್ಭಯವಾಗಿ ಹೇಳಬಲ್ಲನು. ಮೂರನೆಯದು ದಾನಿಗಳಿಗೆ: ಬೇಸಿಗೆಯ ಶಿಷ್ಯವೃತ್ತಿ ದೊರೆತರೂ ಮೊದಲ ಪ್ರಯಾಣದ ಖರ್ಚಿಗೆ, ವಸತಿಯ ಮುಂಗಡಕ್ಕೆ ಹಣವಿಲ್ಲದೆ ಮಕ್ಕಳು ಹಿಂಜರಿಯುತ್ತಾರೆ, ಅದಕ್ಕಾಗಿ ಒಂದು ಸಣ್ಣ ನಿಧಿಯನ್ನು ಮೀಸಲಿಡಿರಿ.

ನಮ್ಮ ಊರಿನ ಒಂದು ಕಡೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಸ್ಥಾಪಿತವಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, 2016ರಲ್ಲಿ ಆರಂಭವಾದ ಭಾರತೀಯ ತಂತ್ರಜ್ಞಾನ ಸಂಸ್ಥೆ. ಇನ್ನೊಂದು ಕಡೆ ಹುಬ್ಬಳ್ಳಿಯ ಎಂಜಿನಿಯರಿಂಗ್ ಹಾಗೂ ವೈದ್ಯಕೀಯ ವಿದ್ಯಾಲಯಗಳು. ಬಸ್ಸಿನಲ್ಲಿ ಹೋದರೆ ಇವೆಲ್ಲ ಸಮೀಪದವೇ. ಕರೆದೊಯ್ಯುವವರಿಲ್ಲದ ಹುಡುಗನಿಗೆ ಮಾತ್ರ ಬಹುದೂರದವು. ಆ ದೂರವನ್ನು ಕಡಿಮೆ ಮಾಡುವ ಕಾರ್ಯವು ಮುಂದಿನ ಸಂಚಿಕೆ ಹೊರಬರುವುದರೊಳಗೆ ಆರಂಭವಾಗಲಿ ಎಂದು ಹಾರೈಸುತ್ತೇನೆ. ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿರುವ ನಮ್ಮ ಆ ಹುಡುಗನನ್ನು ಮೊದಲು ಮಾತನಾಡಿಸೋಣ.