ಹಿತ್ತಲ ಒಲೆಯಿಂದ ಸ್ಪರ್ಧೆಯ ಕಣಕ್ಕೆ



ಪುನರುತ್ಥಾನರಾದ ಪ್ರಭು ಯೇಸು ತಿಬೇರಿಯ ಸರೋವರದ ದಡದಲ್ಲಿ ಶಿಷ್ಯರಿಗೆ ಕಾಣಿಸಿಕೊಂಡಾಗ ಮೊದಲು ಮಾಡಿದ ಕೆಲಸವೇನು? ಅವರು ಉಪದೇಶ ಆರಂಭಿಸಲಿಲ್ಲ. ಇದ್ದಿಲಿನ ಕೆಂಡ ಮಾಡಿ, ಅದರ ಮೇಲೆ ಮೀನು ಸುಟ್ಟು, ರಾತ್ರಿಯಿಡೀ ದುಡಿದು ದಣಿದವರನ್ನು ಊಟಕ್ಕೆ ಕರೆದರು (ಯೊವಾನ್ನ 21:9-13). ಬೆಂಕಿಯ ಮುಂದೆ ನಿಂತು ಇತರರಿಗಾಗಿ ಅಡುಗೆ ಮಾಡುವುದು ಎಷ್ಟು ಘನವಾದ ಕೆಲಸವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಕ್ರಿ.ಶ. 258ರಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದ ಸಂತ ಲಾರೆನ್ಸರನ್ನು, ಅವರನ್ನು ಕಬ್ಬಿಣದ ಜಾಲರಿಯ ಮೇಲೆ ಸುಟ್ಟರೆಂಬ ಪರಂಪರೆಯ ಕಾರಣ, ಧರ್ಮಸಭೆ ಅಡುಗೆಯವರ ಪಾಲಕ ಸಂತರೆಂದು ಗೌರವಿಸುತ್ತ ಬಂದಿದೆ.

ಈ ವಾರದ ಪಾಠಕ್ಕೆ ದೂರದ ಅಮೆರಿಕದ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳ ಮಕ್ಕಳು ಇಂದು ಅಲ್ಲಿ ನೆಲೆಸಿದ್ದಾರೆ. ರಜಾದಿನದಲ್ಲಿ ಮನೆಯ ಹಿತ್ತಲಲ್ಲಿ ಕೆಂಡದ ಮೇಲೆ ಮಾಂಸ ಬೇಯಿಸಿ, ನೆರೆಹೊರೆಯವರೊಡನೆ ಕೂತು ಉಣ್ಣುವುದು ಆ ದೇಶದ ದೊಡ್ಡ ಸಂತೋಷಗಳಲ್ಲೊಂದು. ಇದನ್ನು ಅವರು ಬಾರ್ಬೆಕ್ಯೂ ಎನ್ನುತ್ತಾರೆ. ಆದರೆ ಕೆಲವರಿಗೆ ಅಷ್ಟಕ್ಕೇ ತೃಪ್ತಿಯಾಗುವುದಿಲ್ಲ. "ನಿನ್ನ ಕೈರುಚಿ ಯಾರಿಗೂ ಬಾರದು, ಸ್ಪರ್ಧೆಗೆ ಹೋಗಬಾರದೇಕೆ?" ಎಂದು ಗೆಳೆಯರು ಹುರಿದುಂಬಿಸುತ್ತಾರೆ. ಹಿತ್ತಲಿನಿಂದ ಕಣಕ್ಕೆ ಇಳಿಯುವ ಈ ಹೆಜ್ಜೆಯಲ್ಲಿ ಪ್ರತಿಯೊಂದು ಕುಟುಂಬಕ್ಕೂ ಒಂದು ಪಾಠವಿದೆ.

ಸ್ಪರ್ಧೆಯ ಲೋಕ

ಅಮೆರಿಕದ ಮೆಂಫಿಸ್ ನಗರದ ಹೆಸರಾಂತ ಬಾರ್ಬೆಕ್ಯೂ ಸ್ಪರ್ಧೆ 1978ರಲ್ಲಿ ಆರಂಭವಾಯಿತು. 1985ರಲ್ಲಿ ಕಾನ್ಸಾಸ್ ಸಿಟಿ ಬಾರ್ಬೆಕ್ಯೂ ಸೊಸೈಟಿ ಸ್ಥಾಪನೆಯಾಗಿ, ಇಂಥ ಸ್ಪರ್ಧೆಗಳಿಗೆ ನಿಯಮಗಳನ್ನು ರೂಪಿಸಿ ತೀರ್ಪುಗಾರರಿಗೆ ತರಬೇತಿ ಕೊಡುತ್ತ ಬಂದಿದೆ. ಈ ಸಂಸ್ಥೆಯ ಪ್ರಧಾನ ಸ್ಪರ್ಧೆಗಳಲ್ಲಿ ನಾಲ್ಕು ಬಗೆಗಳಿವೆ: ಕೋಳಿ, ಹಂದಿಯ ಪಕ್ಕೆಲುಬು, ಹಂದಿಯ ಭುಜದ ಮಾಂಸ, ಬ್ರಿಸ್ಕೆಟ್ ಎಂದು ಕರೆಯಲಾಗುವ ದನದ ಎದೆಯ ಮಾಂಸ. ಸೌದೆ, ಇದ್ದಿಲು ಅಥವಾ ಮರದ ಪುಡಿಯಿಂದ ಮಾಡಿದ ಗುಳಿಗೆಗಳ ಶಾಖದಲ್ಲಿಯೇ ಬೇಯಿಸಬೇಕು. ಗ್ಯಾಸ್ ಒಲೆಗೆ ಅವಕಾಶವಿಲ್ಲ. ಅಧಿಕಾರಿಗಳು ಮಾಂಸವನ್ನು ಪರೀಕ್ಷಿಸುವ ಮುನ್ನ ಅದಕ್ಕೆ ಉಪ್ಪು, ಮಸಾಲೆ ಸೋಕಿಸುವಂತಿಲ್ಲ. ಎಲ್ಲರೂ ಒಂದೇ ಗೆರೆಯಿಂದ ಓಟ ಆರಂಭಿಸಬೇಕೆಂಬುದು ಇದರ ಅರ್ಥ.

ನಾಲ್ಕು ಬಗೆಗಳನ್ನು ಸಾಮಾನ್ಯವಾಗಿ ಮಧ್ಯಾಹ್ನ 12 ಗಂಟೆಯಿಂದ ಅರ್ಧ ಗಂಟೆಗೊಂದರಂತೆ ಒಪ್ಪಿಸಬೇಕು. ಗೊತ್ತುಪಡಿಸಿದ ಸಮಯದ ಹಿಂದೆ ಐದು, ಮುಂದೆ ಐದು ನಿಮಿಷಗಳ ಅವಕಾಶ ಮಾತ್ರ. ಅದು ಮೀರಿದರೆ ರಾತ್ರಿಯಿಡೀ ಎಚ್ಚರವಿದ್ದು ಮಾಡಿದ ದುಡಿಮೆಗೆ ಬೆಲೆಯಿಲ್ಲ. ಪೆಟ್ಟಿಗೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಒಂದು ಮೇಜಿಗೆ ಆರು ಮಂದಿ ತೀರ್ಪುಗಾರರು. ನೋಟ, ರುಚಿ, ಮೃದುತ್ವ ಎಂಬ ಮೂರಕ್ಕೆ 9ರಿಂದ ಇಳಿಯುತ್ತ ಅಂಕ ಕೊಡುತ್ತಾರೆ. ಮೂರರಲ್ಲಿ ರುಚಿಗೇ ಹೆಚ್ಚು ತೂಕ, ನೋಟಕ್ಕೆ ಎಲ್ಲಕ್ಕಿಂತ ಕಡಿಮೆ. ಆರು ಮಂದಿಯಲ್ಲಿ ಅತಿ ಕಡಿಮೆ ಕೊಟ್ಟವರ ಅಂಕವನ್ನು ಲೆಕ್ಕದಿಂದ ಬಿಡಲಾಗುತ್ತದೆ.

ಈ ನಿಯಮಗಳಲ್ಲಿ ನಮ್ಮ ಗಮನ ಸೆಳೆಯಬೇಕಾದ ಒಂದು ಮಾತಿದೆ. ತೀರ್ಪುಗಾರರು ಒಂದು ಪೆಟ್ಟಿಗೆಯನ್ನು ಇನ್ನೊಂದರೊಡನೆ ಹೋಲಿಸಬಾರದು. ಪ್ರತಿಯೊಂದನ್ನೂ ಅದರದೇ ಗುಣದಿಂದ ಅಳೆಯಬೇಕು. ಮಕ್ಕಳ ಅಂಕಪಟ್ಟಿ ಬಂದ ದಿನ "ಪಕ್ಕದ ಮನೆಯ ಹುಡುಗನಿಗೆ ಎಷ್ಟು ಬಂತು?" ಎಂದು ಕೇಳುವ ತಂದೆತಾಯಿಗಳು ಈ ನಿಯಮವನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು.

ಪ್ರೀತಿಯ ನಾಲಿಗೆ, ತೀರ್ಪಿನ ನಾಲಿಗೆ

ಹಿತ್ತಲಿನಲ್ಲಿ ಹೊಗಳಿಸಿಕೊಂಡವರು ಕಣದಲ್ಲಿ ಮೊದಲು ಕಲಿಯುವುದು ನಮ್ರತೆಯನ್ನು. ಮನೆಯಲ್ಲಿ ಪಕ್ಕೆಲುಬಿನ ಮಾಂಸ ಮೂಳೆಯಿಂದ ತಾನಾಗಿ ಕಳಚಿ ಬಿದ್ದರೆ "ಆಹಾ, ಬೆಣ್ಣೆಯಂತೆ ಬೆಂದಿದೆ" ಎನ್ನುತ್ತಾರೆ. ಸ್ಪರ್ಧೆಯಲ್ಲಿ ಅದೇ ದೋಷ: ಅತಿಯಾಗಿ ಬೆಂದಿದೆ ಎಂದು ಅಂಕ ಕಡಿಮೆಯಾಗುತ್ತದೆ. ಕಚ್ಚಿದ ಜಾಗದ ಮಾಂಸ ಮಾತ್ರ ಬಿಟ್ಟುಬಂದು, ಹಲ್ಲಿನ ಗುರುತು ಉಳಿಯಬೇಕು. ಮನೆಯವರು ತಟ್ಟೆ ತುಂಬ ಉಣ್ಣುತ್ತಾರೆ; ತೀರ್ಪುಗಾರರು ಒಂದೆರಡು ತುತ್ತು ಮಾತ್ರ ರುಚಿ ನೋಡುತ್ತಾರೆ. ಆದ್ದರಿಂದ ಸ್ಪರ್ಧೆಯ ಅಡುಗೆಯಲ್ಲಿ ಸಿಹಿ, ಉಪ್ಪು, ಖಾರ ಎಲ್ಲವೂ ಒಂದೇ ತುತ್ತಿನಲ್ಲಿ ಎದ್ದು ಕಾಣುವಂತೆ ಮಾಡುತ್ತಾರೆ. ಅದನ್ನೇ ಮನೆಯಲ್ಲಿ ಬಡಿಸಿದರೆ ನಾಲ್ಕನೆಯ ತುತ್ತಿಗೆ ಬಾಯಿ ಕಟ್ಟುತ್ತದೆ.

ಪ್ರೀತಿಯ ನಾಲಿಗೆ ಸುಳ್ಳು ಹೇಳುತ್ತದೆ ಎಂದು ಇದರ ಅರ್ಥವಲ್ಲ. ಅದು ಅಡುಗೆಯ ಜೊತೆಗೆ ಅಡುಗೆ ಮಾಡಿದವರನ್ನೂ ಸವಿಯುತ್ತದೆ. ತೀರ್ಪಿನ ನಾಲಿಗೆಗೆ ಮಾಂಸ ಮಾತ್ರ ಗೊತ್ತು. ಎರಡೂ ನಮಗೆ ಬೇಕು. ಆದರೆ ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸಬಾರದು. ಹೆಂಡತಿಯ ಮೆಚ್ಚುಗೆಯನ್ನು ಬಹುಮಾನದ ಖಾತರಿಯೆಂದು ತಿಳಿದವನು ಕಣದಲ್ಲಿ ನಿರಾಶನಾಗುತ್ತಾನೆ. ತೀರ್ಪುಗಾರರ ಅಂಕವನ್ನೇ ತನ್ನ ಬೆಲೆಯೆಂದು ತಿಳಿದವನಾದರೋ ಮನೆಯಲ್ಲಿ ಸಿಗುವ ಪ್ರೀತಿಯನ್ನೂ ಕಳೆದುಕೊಳ್ಳುತ್ತಾನೆ.

ತಾಳ್ಮೆಯ ಪಾಠ

ಬ್ರಿಸ್ಕೆಟ್ ಬಹಳ ಗಟ್ಟಿಯಾದ ಮಾಂಸ. ಸುಮಾರು 110ರಿಂದ 135 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು ಹನ್ನೆರಡು ಗಂಟೆ ಬೇಯಿಸಿದಾಗ ಅದರೊಳಗಿನ ಕೊಲ್ಯಾಜೆನ್ ಎಂಬ ಗಡಸು ಅಂಶ ಕರಗಿ ಜೆಲಾಟಿನ್ ಆಗುತ್ತದೆ, ಮಾಂಸ ಮೆತ್ತಗಾಗುತ್ತದೆ. ಒಳಗಿನ ಶಾಖ 65ರಿಂದ 75 ಡಿಗ್ರಿಯ ಆಸುಪಾಸಿಗೆ ಬಂದಾಗ ಏರಿಕೆ ಗಂಟೆಗಟ್ಟಲೆ ನಿಂತುಬಿಡುತ್ತದೆ. ಬೆವರು ಆರುವಾಗ ನಮ್ಮ ಮೈ ತಂಪಾಗುವಂತೆ, ಮಾಂಸದ ಮೇಲಿನ ತೇವ ಆವಿಯಾಗುತ್ತ ಅದನ್ನು ತಂಪಾಗಿಸುವುದೇ ಇದಕ್ಕೆ ಕಾರಣ. ಹೊಸಬರು ಗಾಬರಿಯಿಂದ ಸೌದೆ ತುಂಬುತ್ತಾರೆ. ದಟ್ಟವಾದ ಬಿಳಿ ಹೊಗೆ ಎದ್ದು ಮಾಂಸ ಕಹಿಯಾಗುತ್ತದೆ. ಅನುಭವಿಗಳು ಕಾಯುತ್ತಾರೆ, ಇಲ್ಲವೇ ಮಾಂಸವನ್ನು ಹಾಳೆಯಲ್ಲಿ ಸುತ್ತುತ್ತಾರೆ. ಪ್ರಾರ್ಥನೆಯಲ್ಲಿ, ಮಕ್ಕಳನ್ನು ಬೆಳೆಸುವುದರಲ್ಲಿ, ದಾಂಪತ್ಯದಲ್ಲಿ ಏನೂ ಮುಂದುವರಿಯುತ್ತಿಲ್ಲ ಎನಿಸುವ ಕಾಲವೊಂದು ಬರುತ್ತದೆ. ಆಗಲೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಬೆಂಕಿ ಜೋರು ಮಾಡಿದರೆ ಕೆಡುವುದೇ ಹೆಚ್ಚು.

ಕೀರ್ತಿ ಬಯಸುವುದು ಪಾಪವೇ?

ಸಂತ ತೋಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ತನ್ನಲ್ಲಿರುವ ಒಳಿತನ್ನು ಗುರುತಿಸುವುದೂ ಅದು ಇತರರಿಗೆ ಕಾಣಲೆಂದು ಬಯಸುವುದೂ ತನ್ನಷ್ಟಕ್ಕೆ ಪಾಪವಲ್ಲ. ಆದರೆ ಮೂರು ಬಗೆಯಲ್ಲಿ ಕೀರ್ತಿ ಪೊಳ್ಳಾಗುತ್ತದೆ ಎನ್ನುತ್ತಾರೆ. ಈ ಮೂರನ್ನು ನಮ್ಮ ವಿಷಯಕ್ಕೆ ಅನ್ವಯಿಸಿ ನೋಡೋಣ.

ಮೊದಲನೆಯದು, ಕೀರ್ತಿಗೆ ತಕ್ಕದ್ದಲ್ಲದ, ನಶಿಸಿಹೋಗುವ ವಸ್ತುವಿಗಾಗಿ ಕೀರ್ತಿ ಬಯಸುವುದು. ಚೆನ್ನಾಗಿ ಅಡುಗೆ ಮಾಡುವುದು ಒಳ್ಳೆಯದೇ. ಆದರೆ ಅದು ಮನುಷ್ಯನ ಅಂತಿಮ ಗುರಿಯಲ್ಲ. ಓಟಗಾರರು ಬಾಡಿಹೋಗುವ ಕಿರೀಟಕ್ಕಾಗಿ ಅಷ್ಟೊಂದು ಸಂಯಮ ಪಾಲಿಸುವುದನ್ನು ಸಂತ ಪೌಲರು ಉದಾಹರಿಸಿದ್ದು ಅದನ್ನು ಹೀಗಳೆಯಲಿಕ್ಕಲ್ಲ, ಬಾಡದ ಕಿರೀಟದತ್ತ ನಮ್ಮ ಕಣ್ಣೆತ್ತಿಸಲಿಕ್ಕೆ (1 ಕೊರಿಂಥ 9:25).

ಎರಡನೆಯದು, ಸ್ಥಿರವಲ್ಲದ ತೀರ್ಪನ್ನು ನಂಬಿ ಕೀರ್ತಿ ಬಯಸುವುದು. ಒಂದೇ ಬ್ರಿಸ್ಕೆಟ್ಟಿಗೆ ಒಬ್ಬರು 9, ಇನ್ನೊಬ್ಬರು 6 ಕೊಡಬಹುದು. ತೀರ್ಪುಗಾರರೇನೂ ಕೆಟ್ಟವರಲ್ಲ, ಅವರೂ ಮನುಷ್ಯರು. ಸೋತಾಗ ಅವರನ್ನು ಶಪಿಸುವವನು ಗೆದ್ದಾಗಲೂ ಅವರ ಮೇಲೆಯೇ ತನ್ನ ನೆಮ್ಮದಿಯನ್ನು ಕಟ್ಟಿರುತ್ತಾನೆ.

ಮೂರನೆಯದು, ಕೀರ್ತಿಯನ್ನು ದೇವರ ಮಹಿಮೆಗೋ ನೆರೆಯವರ ಒಳಿತಿಗೋ ಅರ್ಪಿಸದೆ ತನ್ನಲ್ಲೇ ಬಚ್ಚಿಟ್ಟುಕೊಳ್ಳುವುದು. ಮೂರರಲ್ಲಿ ಇದೇ ಮುಖ್ಯ.

ಮನೆಯ ಲೆಕ್ಕ

ಸ್ಪರ್ಧೆಗೆ ಹಣ ಬೇಕು. ಪ್ರವೇಶ ಶುಲ್ಕ, ಮಾಂಸ, ಒಲೆ, ಪ್ರಯಾಣ ಎಲ್ಲ ಸೇರಿ ಒಂದು ವಾರಾಂತ್ಯಕ್ಕೆ ನೂರಾರು ಡಾಲರ್ ಖರ್ಚಾಗುತ್ತದೆ. ಅದಕ್ಕಿಂತ ದುಬಾರಿಯಾದುದು ಸಮಯ. ಹೆಚ್ಚಿನ ಸ್ಪರ್ಧೆಗಳು ಶುಕ್ರವಾರ ತೊಡಗಿ ಶನಿವಾರ ಮುಗಿಯುತ್ತವೆ. ತಿಂಗಳಿಗೆ ಎರಡು ವಾರಾಂತ್ಯ ಮನೆಯಿಂದ ದೂರವಿದ್ದರೆ, ಯಾರಿಗಾಗಿ ಅಡುಗೆ ಆರಂಭವಾಯಿತೋ ಅವರ ತಟ್ಟೆಯೇ ಬರಿದಾಗುತ್ತದೆ.

ಆದ್ದರಿಂದ ಕಣಕ್ಕಿಳಿಯುವವರಿಗೆ ಕೆಲವು ಸಲಹೆಗಳು. ಮೊದಲ ಸಲ ಪ್ರೇಕ್ಷಕರಾಗಿ ಹೋಗಿ. ಸಾಧ್ಯವಾದರೆ ತೀರ್ಪುಗಾರರ ತರಬೇತಿ ಪಡೆಯಿರಿ. ತೂಗುವವನ ಕಷ್ಟ ತಿಳಿದವನು ತೂಗಿಸಿಕೊಳ್ಳುವಾಗ ಕಡಿಮೆ ಗೊಣಗುತ್ತಾನೆ. ನಾಲ್ಕೂ ಬಗೆಗಳಿಗೆ ಒಮ್ಮೆಲೇ ಕೈಹಾಕದೆ, ಹೊಸಬರಿಗೆಂದೇ ಇರುವ ಹಿತ್ತಲ ವಿಭಾಗದ ಚಿಕ್ಕ ಸ್ಪರ್ಧೆಯಿಂದ ಆರಂಭಿಸಿ. ಅದಕ್ಕೂ ಮೊದಲು ಮನೆಯಲ್ಲೇ ಗಡಿಯಾರ ನೋಡಿ ಅಭ್ಯಾಸ ಮಾಡಿ. ವರ್ಷಕ್ಕೆ ಎಷ್ಟು ಸ್ಪರ್ಧೆ, ಎಷ್ಟು ಹಣ ಎಂಬುದನ್ನು ಗಂಡ ಹೆಂಡತಿ ಕೂಡಿ ಕೂತು ಮೊದಲೇ ನಿರ್ಧರಿಸಿ. ಮಕ್ಕಳಿಗೂ ಕೆಲಸ ಕೊಡಿ: ಸಮಯ ಬರೆಯುವುದು, ಪೆಟ್ಟಿಗೆಯಲ್ಲಿ ಸೊಪ್ಪು ಜೋಡಿಸುವುದು. ತಪಸ್ಸು ಕಾಲದ ಶುಕ್ರವಾರ ಮಾಂಸ ವರ್ಜನೆಯ ದಿನ. ಮಾಂಸವನ್ನು ಸಿದ್ಧಪಡಿಸಬಹುದು, ಆದರೆ ತಿನ್ನುವ ಆಸೆಗೆ ಆ ರಾತ್ರಿ ಕಡಿವಾಣವಿರಲಿ. ಭಾನುವಾರದ ಬಲಿಪೂಜೆ ಎಲ್ಲಿ, ಎಷ್ಟು ಗಂಟೆಗೆ ಎಂಬುದನ್ನು ಹೊರಡುವ ಮುನ್ನವೇ ವಿಚಾರಿಸಿಟ್ಟುಕೊಳ್ಳಿ.

ನಮ್ಮ ಊರುಗಳಲ್ಲಿ ಬಾರ್ಬೆಕ್ಯೂ ಸ್ಪರ್ಧೆಗಳು ಇಲ್ಲದಿರಬಹುದು. ಆದರೆ ಕ್ರಿಸ್ಮಸ್ ಗೋದಲಿ ಸ್ಪರ್ಧೆಯಿದೆ, ಗಾಯನ ಸ್ಪರ್ಧೆಯಿದೆ, ಬೈಬಲ್ ರಸಪ್ರಶ್ನೆಯಿದೆ. ಬಾಲಯೇಸುವಿಗೆ ಗೋದಲಿ ಕಟ್ಟಿ, ಎರಡನೆಯ ಬಹುಮಾನ ಬಂತೆಂದು ಪಕ್ಕದ ವಾಳೆಯವರೊಡನೆ ಮಾತು ಬಿಟ್ಟರೆ ಆ ಗೋದಲಿಯಲ್ಲಿ ಯೇಸು ಹುಟ್ಟಿದರೇ?

ಕಲಿತ ಕೈ ಯಾರಿಗಾಗಿ?

2011ರ ಮೇ 22ರಂದು ಅಮೆರಿಕದ ಮಿಸ್ಸೌರಿ ರಾಜ್ಯದ ಜಾಪ್ಲಿನ್ ನಗರಕ್ಕೆ ಭೀಕರ ಸುಂಟರಗಾಳಿ ಅಪ್ಪಳಿಸಿ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಆಗ ಸುತ್ತಲಿನ ಬಾರ್ಬೆಕ್ಯೂ ಸ್ಪರ್ಧಾಳುಗಳು ತಮ್ಮ ದೊಡ್ಡ ಒಲೆಗಳನ್ನು ವಾಹನಗಳಿಗೆ ಕಟ್ಟಿಕೊಂಡು ಅಲ್ಲಿಗೆ ಹೋದರು. ಕಣದಲ್ಲಿ ಒಬ್ಬರನ್ನೊಬ್ಬರು ಸೋಲಿಸಲು ಹೆಣಗುತ್ತಿದ್ದವರು ಒಟ್ಟಾಗಿ ನಿಂತು, ಮನೆ ಕಳೆದುಕೊಂಡವರಿಗೂ ಪರಿಹಾರ ಕಾರ್ಯದಲ್ಲಿದ್ದವರಿಗೂ ಎರಡು ವಾರದೊಳಗೆ ಸುಮಾರು 1,20,000 ಊಟ ಬಡಿಸಿದರು. ಅದರಿಂದ ಹುಟ್ಟಿದ ಆಪರೇಷನ್ ಬಾರ್ಬೆಕ್ಯೂ ರಿಲೀಫ್ ಎಂಬ ಸಂಸ್ಥೆ ಮುಂದೆ ಅನೇಕ ವಿಪತ್ತುಗಳಲ್ಲಿ ಹಸಿದವರಿಗೆ ಉಣಿಸಿತು.

ರಾತ್ರಿಯಿಡೀ ಬೆಂಕಿ ಕಾಯುವುದು, ಸಮಯಕ್ಕೆ ಸರಿಯಾಗಿ ಒಪ್ಪಿಸುವುದು, ಶುಚಿತ್ವ ಪಾಲಿಸುವುದು: ಇವನ್ನೆಲ್ಲ ಅವರು ಕಲಿತದ್ದು ಬಹುಮಾನದ ಆಸೆಯಿಂದಲೇ ಇರಬಹುದು. ಆದರೆ ಅಕ್ವಿನಾಸರ ಮೂರನೆಯ ಪ್ರಶ್ನೆಗೆ ಅವರು ಮಾತಿಲ್ಲದೆ ಉತ್ತರ ಕೊಟ್ಟರು. ತೀರ್ಪಿನ ದಿನ ಪ್ರಭು ನಮ್ಮನ್ನು ಕೇಳುವುದು ಎಷ್ಟು ಪದಕ ಗೆದ್ದಿರಿ ಎಂದಲ್ಲ, ಹಸಿದವನಿಗೆ ಉಣಿಸಿದಿರಾ ಎಂದು (ಮತ್ತಾಯ 25:35). ಆದ್ದರಿಂದ ಓದುಗರೇ, ಸ್ಪರ್ಧಿಸಿ, ಶ್ರಮಪಟ್ಟು ಕಲಿಯಿರಿ, ಗೆದ್ದರೆ ಸಂತೋಷಪಡಿ. ಕಲಿತ ಕೈ ಮಾತ್ರ ಮನೆಯ ಪಂಕ್ತಿಗೂ ಹಸಿದವರ ಪಂಕ್ತಿಗೂ ಮರಳಿ ಬರಲಿ.

ಕುಟುಂಬದಲ್ಲಿ ಚಿಂತನೆಗೆ

1. ನಮ್ಮ ಮನೆಯಲ್ಲಿ ಯಾರ ಪ್ರತಿಭೆಯನ್ನು ಇನ್ನೊಬ್ಬರೊಡನೆ ಹೋಲಿಸಿ ನೋಯಿಸಿದ್ದೇವೆ?

2. ನಾವು ಅತಿ ಹೆಚ್ಚು ಸಮಯ, ಹಣ ಕೊಡುತ್ತಿರುವ ಹವ್ಯಾಸದಿಂದ ಯಾರಿಗೆ ಒಳಿತಾಗುತ್ತಿದೆ?

3. ಈ ತಿಂಗಳು ನಮ್ಮ ಅಡುಗೆಮನೆಯ ಊಟ ತಲುಪಬೇಕಾದ ಒಂದು ಮನೆ ಯಾವುದು?

ಪ್ರಾರ್ಥನೆ: ದಡದಲ್ಲಿ ಕೆಂಡ ಮಾಡಿ ಶಿಷ್ಯರಿಗಾಗಿ ಕಾದ ಪ್ರಭುವೇ, ನಮ್ಮ ಕೈಗಳ ಕೆಲಸವನ್ನು ಆಶೀರ್ವದಿಸಿರಿ. ಗೆದ್ದಾಗ ನಮ್ರತೆಯನ್ನೂ ಸೋತಾಗ ನೆಮ್ಮದಿಯನ್ನೂ ಕೊಟ್ಟು, ನಮ್ಮ ಊಟದ ಪಂಕ್ತಿಯಲ್ಲಿ ಸದಾ ಇನ್ನೊಬ್ಬರಿಗೆ ಸ್ಥಳವಿರುವಂತೆ ಅನುಗ್ರಹಿಸಿರಿ. ಆಮೆನ್.