ಪೆದ್ದಚೆರುವಿನ ದಂಡೆಯಲ್ಲಿ ಪಾದಯಾತ್ರೆಯ ಒಂದು ದಿನ



ಚಡಚಣ, ಇಂಡಿ, ಸಿಂದಗಿ ಸೀಮೆಯವರಿಗೆ ನಡಿಗೆ ಹೊಸದಲ್ಲ. ಆಷಾಢ ಬಂತೆಂದರೆ ಭೀಮಾ ತೀರದ ಪಂಢರಪುರಕ್ಕೆ ದಿಂಡಿ, ಫಾಲ್ಗುಣ ಬಂತೆಂದರೆ ಶ್ರೀಶೈಲಕ್ಕೆ ಕಂಬಿ. ಯುಗಾದಿಗೆ ಮುಂಚೆ ಗಿರಿ ಮುಟ್ಟಬೇಕು. ನಮ್ಮ ಕಡೆಯವರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಮಗಳ ಮನಿಗೆ ಬರಿಗೈಲೆ ಹೋಗೂದು ಹ್ಯಾಂಗ? ಅದಕ್ಕೇ ಗಂಟಿನೊಳಗೆ ಸೀರೆ, ಕುಪ್ಪಸ, ಅರಿಷಿಣ ಕುಂಕುಮ.

ವಿಜಯಪುರ, ರಾಯಚೂರು ದಾಟಿ ಬಂದ ಎರಡು ವಾರದ ಹಾದಿಯನ್ನು ಇಲ್ಲಿ ಹೇಳುವುದಿಲ್ಲ, ಅದು ಡಾಂಬರು ರಸ್ತೆ, ಊರೂರಿಗೂ ದಾಸೋಹ ಇರುತ್ತದೆ. ಪರೀಕ್ಷೆ ಇರುವುದು ಕೊನೆಗೆ, ನಲ್ಲಮಲ ಕಾಡಿನಲ್ಲಿ. ಆತ್ಮಕೂರು (ಇದು 2022ರಿಂದ ನಂದ್ಯಾಲ ಜಿಲ್ಲೆ) ಬಿಟ್ಟು ವೆಂಕಟಾಪುರಂ ದಾಟಿದ ಮೇಲೆ ಕಾಡು ಶುರು. ನಾಗಲೂಟಿಯಲ್ಲಿ ವೀರಭದ್ರನ ಹಳೆಯ ಗುಡಿ ಇದೆ, ಅಲ್ಲಿಂದ ಕಲ್ಲಿನ ಮೆಟ್ಟಿಲು. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. ಈಗ ಆ ಕಲ್ಲುಗಳು ಸವೆದು ನುಣುಪಾಗಿವೆ, ಬರಿಗಾಲಿನವರು ಜ್ವಾಕಿ.

ನಮ್ಮ ತಂಡ ನಾಗಲೂಟಿಯಿಂದ ನಸುಕಿನ ಮೂರಕ್ಕೇ ಎದ್ದು ಹೊರಟಿತು. ಬೆಳಗಾಗುವ ಹೊತ್ತಿಗೆ ಮರಗಳ ನಡುವೆ ಒಮ್ಮೆಲೇ ನೀರು ಕಂಡಿತು. ಅದೇ ಪೆದ್ದಚೆರುವು, ಅಂದರೆ ದೊಡ್ಡ ಕೆರೆ. ಸುತ್ತ ಗುಡ್ಡ, ನಡುವೆ ತಂಪು ನೀರು, ದಂಡೆಗುಂಟ ಸಾಲಾಗಿ ಹೋಗುವ ಕಂಬಿಗಳು, ನಂದಿಕೋಲು, ಗಂಟೆಯ ಸಪ್ಪಳ. ಸಮುದ್ರ ನೋಡದ ನಮ್ಮ ಹಳ್ಳಿಯ ಹೆಣ್ಣುಮಕ್ಕಳು, 'ಇದs ನಮ್ಮ ಸಮುದ್ರ ನೋಡವ್ವಾ' ಅಂದರು. ಅಲ್ಲೇ ಕೂತು ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಿಚ್ಚಿದೆವು.

ಕೆರೆಯ ಹತ್ತಿರ ಚೆಂಚು ಜನರ ಗುಡಿಸಲುಗಳಿವೆ. ಅವರೂ ಮಲ್ಲಯ್ಯನನ್ನು ಅಳಿಯ ಅನ್ನುತ್ತಾರೆ. ಚೆಂಚು ಕನ್ಯೆಯನ್ನು ಮದುವೆಯಾದ ಚೆಂಚು ಮಲ್ಲಯ್ಯನ ಕಥೆ ಅವರದು. ಹಾಗಾದರೆ ಅವರೂ ನಾವೂ ಬೀಗರೇ ಆದೆವಲ್ಲ! ಬೀಗರ ಅಂಗಳದಾಗ ಪ್ಲಾಸ್ಟಿಕ್ ಬಾಟಲಿ ಒಗೆದು ಹೋಗಬ್ಯಾಡ್ರಿ. ಈ ಕಾಡು ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ, ದೇಶದಲ್ಲೇ ಬಹು ದೊಡ್ಡದು. ಕರಡಿಯೂ ಇದೆ. ಅರಣ್ಯ ಇಲಾಖೆ ಬಿಟ್ಟ ದಿನಗಳಲ್ಲಿ, ಗುಂಪಿನೊಂದಿಗೇ ನಡೆಯಬೇಕು.

ಈಗ ನಿಜವಾದ ಪಾಠ. ಆ ದಿನ ನಮ್ಮ ಜೊತೆಗಿದ್ದ ಎಪ್ಪತ್ತು ದಾಟಿದ ಅಜ್ಜಾರೊಬ್ಬರು ಕಂಬಿ ಹೊತ್ತಿದ್ದರು. ಗಿರಿ ಮುಟ್ಟೂತನಕ ಹೆಗಲು ಬದಲಿಸೂದಿಲ್ಲ, ಕಾಡಿನಾಗ ನೀರು ಮುಟ್ಟೂದಿಲ್ಲ ಅಂತ ಹರಕೆ. ಯಾರೂ ಅಡ್ಡ ಮಾತಾಡಲಿಲ್ಲ, ಹರಕೆ ಅಲ್ಲವೇ. ಹನ್ನೊಂದರ ಬಿಸಿಲಿಗೆ ಅವರ ಮಾತು ತೊದಲಿತು. ಮೈ ಕೆಂಡ, ಆದರೆ ಬೆವರೇ ಇಲ್ಲ. ಎಲ್ಲಿದ್ದೇವೆಂದು ಕೇಳಿದರೆ 'ಝಳಕಿ ಬಂತೇನು' ಅಂದರು. ಬೆವರು ನಿಂತು ಮಾತು ತಪ್ಪಿದರೆ ಅದು ಬಿಸಿಲಿನ ಹೊಡೆತ, ಜೀವಕ್ಕೇ ಅಪಾಯ. ಕೂಡಲೇ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹಾಕಿ ಗಾಳಿ ಬೀಸಬೇಕು, ಕುತ್ತಿಗೆ ಕಂಕುಳಿಗೆ ಒದ್ದೆ ಬಟ್ಟೆ ಇಡಬೇಕು, ವೈದ್ಯರಿಗೆ ಹೇಳಿ ಕಳಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸಕ್ಕೆ ಹೋಗುತ್ತದೆ.

ಹೆಗಲಿನ ಕಂಬಿಯನ್ನು ಅವರ ಮೊಮ್ಮಗನೇ ತೆಗೆದುಕೊಂಡ. ನಮ್ಮ ತಂಡದಲ್ಲಿ ಕಂಬಿ ನೆಲಕ್ಕೆ ತಾಗಿಸುವುದಿಲ್ಲ, ಹೆಗಲಿಂದ ಹೆಗಲಿಗೆ ಹೋದರೆ ದೋಷವಿಲ್ಲ. ತಾಸಿನ ನಂತರ ಅಜ್ಜಾರು ಕಣ್ಣು ಬಿಟ್ಟು ಅತ್ತರು, ಹರಕೆ ಮುರಿಯಿತು ಅಂತ. ತಂಡದ ಹಿರಿಯ ಅಕ್ಕಾರು ಅಂದರು: 'ಮಾವ ಬಾಯಾರಿ ಸತ್ತ ಅಂತ ಅಳಿಯಗ ಹೆಸರು ಬರಬೇಕೇನ್ರಿ?' ಅಜ್ಜಾರು ನಕ್ಕು ಲೋಟ ಹಿಡಿದರು. ನನ್ನ ಅಭಿಪ್ರಾಯವೂ ಅದೇ. ಅನ್ನದ ಹರಕೆ ಬೇರೆ, ಬೇಸಿಗೆಯಲ್ಲಿ ನಡೆಯುವವರು ನೀರಿನ ಹರಕೆ ಹೊರಬಾರದು.

ಬರೀ ನೀರೂ ಸಾಲದು, ಬೆವರಿನೊಂದಿಗೆ ಉಪ್ಪು ಹೋಗುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಿಸಿ ಇಟ್ಟುಕೊಳ್ಳಿ. ಕೆರೆಯ ನೀರು ಸೋಸಿ, ಕುದಿಸದೆ ಕುಡಿಯಬೇಡಿ. ಅಂಗಾಲಿನ ಬೊಕ್ಕೆ ಒಡೆಯಬೇಡಿ, ಸ್ವಚ್ಛ ಬಟ್ಟೆ ಸುತ್ತಿ. ಸಕ್ಕರೆ ರೋಗ ಇದ್ದವರು ಬರಿಗಾಲ ಹಟ ಮಾಡಬೇಡಿ, ಗುಳಿಗೆ ಗಂಟಿನ ತಳಕ್ಕೆ ಹಾಕಬೇಡಿ.

ಹನ್ನೊಂದರಿಂದ ನಾಲ್ಕರತನಕ ನೆರಳಲ್ಲೇ ಮಲಗಿ. ಮುಂದೆ ಮಠಂಬಾವಿ, ಆಮೇಲೆ ಭೀಮುನಿ ಕೊಲನು. ಇಲ್ಲಿ ಕಣಿವೆಗೆ ಇಳಿದು ಮತ್ತೆ ಅಷ್ಟೇ ಎತ್ತರ ಹತ್ತಬೇಕು, ಮೊಣಕಾಲು ಅಳುವುದು ಇಲ್ಲೇ. ಕೋಲು ಇರಲಿ. ಹತ್ತಿ ಮುಗಿದರೆ ಕೈಲಾಸದ್ವಾರ, ಆಮೇಲೆ ಹಾಟಕೇಶ್ವರ. ಅಜ್ಜಾರು ಕೈಲಾಸದ್ವಾರದ ಕಲ್ಲಿಗೆ ಹಣೆ ಹಚ್ಚಿ, ಮೊಮ್ಮಗನ ಹೆಗಲಿನ ಕಂಬಿಯನ್ನು ಒಂದು ಗಳಿಗೆ ತಮ್ಮ ಹೆಗಲಿಗೆ ಇಟ್ಟುಕೊಂಡು, ಮತ್ತೆ ಅವನಿಗೇ ಕೊಟ್ಟರು.