ಸಣ್ಣ ಟ್ರ್ಯಾಕ್ಟರಿನ ದುರಸ್ತಿ: ನಮ್ಮ ಕೈ ಎಲ್ಲಿಯವರೆಗೆ?



ಎತ್ತಿನ ಜೋಡಿ ಇದ್ದ ಕಾಲದಲ್ಲಿ ಎತ್ತಿಗೆ ಕಾಯಿಲೆಯಾದರೆ ಮನೆಯ ಹಿರಿಯರೇ ಮೊದಲ ವೈದ್ಯರು. ಸೊಪ್ಪು ಯಾವುದು, ಬೇರು ಯಾವುದು, ಯಾವ ಲಕ್ಷಣ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು ಎಂಬುದು ಅವರಿಗೆ ತಿಳಿದಿತ್ತು. ಈಗ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಸಣ್ಣ ಟ್ರ್ಯಾಕ್ಟರು ನಿಂತಿದೆ. ಗೊಬ್ಬರ ಸಾಗಿಸುವುದು, ಕೊನೆ ಹೊರುವುದು, ಕಾಫಿ ಮೂಟೆ ಎಳೆಯುವುದು, ಔಷಧಿ ಹೊಡೆಯುವ ಪಂಪು ತಿರುಗಿಸುವುದು ಎಲ್ಲವೂ ಅದರದೇ. ಆದರೆ ಅದಕ್ಕೆ ಕಾಯಿಲೆಯಾದಾಗ ನಮ್ಮಲ್ಲಿ ಎರಡು ಪಂಗಡ. ಒಂದು ಪಂಗಡ ಬಾನೆಟ್ಟನ್ನು ಎತ್ತುವುದೇ ಇಲ್ಲ. ಇನ್ನೊಂದು ಪಂಗಡ ಕಂಡದ್ದನ್ನೆಲ್ಲ ಬಿಚ್ಚುತ್ತದೆ. ನಾವು ಎರಡನೆಯ ಪಂಗಡದವರು. ಅದರಿಂದ ಪಟ್ಟ ಪಾಡನ್ನು ಮುಚ್ಚಿಡದೆ ಹೇಳಿದರೆ ಸದಸ್ಯರಿಗೆ ಉಪಯೋಗವಾದೀತು ಎಂದು ಈ ಪಾಠ ಬರೆಯುತ್ತಿದ್ದೇವೆ.

ಸ್ವಂತ ದುರಸ್ತಿ ನಮಗೆ ಹವ್ಯಾಸವಲ್ಲ, ಅನಿವಾರ್ಯ. ಮಿಸ್ತ್ರಿ ಇರುವುದು ಪೇಟೆಯಲ್ಲಿ. ಹಂಗಾಮಿನಲ್ಲಿ ಅವನನ್ನು ಹತ್ತು ಕಡೆಯಿಂದ ಕರೆಯುತ್ತಾರೆ. ನಾಲ್ಕೈದು ಎಕರೆಯ ಬೆಳೆಗಾರನ ಸರದಿ ಬರುವುದು ದೊಡ್ಡ ಎಸ್ಟೇಟುಗಳ ಕೆಲಸ ಮುಗಿದ ಮೇಲೆ. ಆದ್ದರಿಂದ ಕೈಯಲ್ಲಿ ಪಾನ ಹಿಡಿಯದೆ ಗತಿಯಿಲ್ಲ. ಹಿಡಿಯುವ ಕ್ರಮ ಗೊತ್ತಿರಬೇಕು, ಅಷ್ಟೆ.

ನಾವು ಕಳೆದುಕೊಂಡ ಮೂರು ದಿನ

2018ರ ಮುಂಗಾರಿನ ಮುನ್ನ ನಡೆದದ್ದು. ಕೊಳೆರೋಗಕ್ಕೆ ಮೊದಲ ಸುತ್ತಿನ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆಯೇ ಹೊಡೆಯಬೇಕೆಂಬುದು ನಮ್ಮೆಲ್ಲರಿಗೂ ತಿಳಿದ ವಿಷಯ. ಅರ್ಧ ತೋಟಕ್ಕೆ ಹೊಡೆದಾಗಿತ್ತು. ಉಳಿದರ್ಧಕ್ಕೆ ಎರಡು ದಿನ ಬಿಟ್ಟು ಬರುವುದಾಗಿ ಕೊನೆಗಾರರು ಹೇಳಿ ಹೋದರು. ಮೈಲುತುತ್ತ, ಸುಣ್ಣ ಎಲ್ಲ ಸಿದ್ಧವಿತ್ತು. ಮಧ್ಯೆ ಒಂದು ದಿನ ಬಿಡುವಿದೆ, ಡೀಸೆಲ್ ಫಿಲ್ಟರನ್ನಾದರೂ ಬದಲಾಯಿಸೋಣ ಎಂದು ಕೂತೆವು.

ಹಳೆಯ ಫಿಲ್ಟರು ಬಂತು, ಹೊಸದು ಕೂತಿತು. ಗಾಡಿ ಮಾತ್ರ ಸ್ಟಾರ್ಟ್ ಆಗಲಿಲ್ಲ. ಸೆಲ್ಫು ಒತ್ತಿದೆವು, ಮತ್ತೆ ಒತ್ತಿದೆವು, ಬ್ಯಾಟರಿ ಸತ್ತಿತು. ಇಳಿಜಾರಿನಲ್ಲಿ ತಳ್ಳಿ ನೋಡಿದೆವು. ಈಗ ಗಾಡಿ ಗದ್ದೆಯ ಅಂಚಿಗೆ ಹೋಗಿ ನಿಂತಿತು. ಫಿಲ್ಟರೇ ಸರಿ ಕೂತಿಲ್ಲವೇನೋ ಎಂದು ಅಡ್ಜಸ್ಟ್ ಆಗುವ ಪಾನ ಹಾಕಿ ಬಿಚ್ಚಲು ಹೋದಾಗ ಬೋಲ್ಟಿನ ತಲೆ ಉರುಟಾಯಿತು. ಮರುದಿನ ಕೊನೆಗಾರರು ಬಂದು ಎಲೆಯಡಿಕೆ ಹಾಕಿಕೊಂಡು ಹಿಂದಿರುಗಿದರು. ಮಿಸ್ತ್ರಿ ಬಂದದ್ದು ಮೂರನೆಯ ದಿನ ಮಧ್ಯಾಹ್ನ. ಉರುಟಾದ ಬೋಲ್ಟು ತೆಗೆಯಲು ಅವನಿಗೆ ಅರ್ಧ ಗಂಟೆ ಹಿಡಿಯಿತು. ಗಾಡಿ ಸ್ಟಾರ್ಟ್ ಮಾಡಲು ಹಿಡಿದದ್ದು ಐದೇ ನಿಮಿಷ.

“ಏನೂ ಆಗಿಲ್ಲ ಸಾರ್, ಗಾಳಿ ಸೇರಿದೆ. ಗಾಳಿ ತೆಗೀದೆ ಸೆಲ್ಫು ಹೊಡೆದ್ರೆ ವರ್ಷ ಹೊಡೆದ್ರೂ ಅಷ್ಟೆ” ಎಂದ.

ಅಷ್ಟರಲ್ಲಿ ಮಳೆ ಹಿಡಿದಿತ್ತು. ಆ ವರ್ಷದ ಮಳೆಯನ್ನು ಮಲೆನಾಡಿನವರು ಮರೆತಿರಲಾರರು. ಔಷಧಿ ಬಿದ್ದ ಅರ್ಧದಲ್ಲೂ ಕೊಳೆ ಕಂಡಿತು. ಆದರೆ ಬೀಳದ ಅರ್ಧದಲ್ಲಿ ಮರದ ಬುಡವೆಲ್ಲ ಉದುರಿದ ಎಳೆಕಾಯಿ. ಫಿಲ್ಟರಿನ ಬೆಲೆ ಎಷ್ಟೆಂದು ಯಾರಾದರೂ ಕೇಳಿದರೆ ನಾವು ಅಂಗಡಿಯ ಬಿಲ್ಲನ್ನು ತೋರಿಸುವುದಿಲ್ಲ, ಆ ಅರ್ಧ ತೋಟವನ್ನು ತೋರಿಸುತ್ತೇವೆ.

ಇದರಿಂದ ಕಲಿತ ಮೊದಲ ಪಾಠ: ಹಂಗಾಮಿನ ಮುನ್ನಾದಿನ ಓಡುತ್ತಿರುವ ಯಂತ್ರವನ್ನು ಬಿಚ್ಚಬಾರದು. ಫಿಲ್ಟರು, ಆಯಿಲು, ಬೆಲ್ಟುಗಳ ಕೆಲಸವನ್ನು ಏಪ್ರಿಲ್‌ನಲ್ಲಿ ಒಮ್ಮೆ, ಕೊಯ್ಲಿಗೆ ಮುಂಚೆ ಇನ್ನೊಮ್ಮೆ ಇಟ್ಟುಕೊಳ್ಳಿ. ಆಗ ತಪ್ಪಾದರೂ ತಿದ್ದಲು ದಿನಗಳಿರುತ್ತವೆ.

ಗಾಳಿ ತೆಗೆಯುವ ಕ್ರಮ

ಡೀಸೆಲ್ ಇಂಜಿನ್ನಿನಲ್ಲಿ ಪಂಪು ಡೀಸೆಲನ್ನು ಭಾರಿ ಒತ್ತಡದಲ್ಲಿ ಇಂಜೆಕ್ಟರಿಗೆ ನೂಕುತ್ತದೆ. ಡೀಸೆಲ್ ಒತ್ತಿದರೆ ಕುಗ್ಗುವುದಿಲ್ಲ ಎನ್ನಬಹುದು, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿಯ ಗುಳ್ಳೆ ಇದ್ದರೆ ಪಂಪಿನ ಶ್ರಮವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಹೋಗುತ್ತದೆ, ಇಂಜೆಕ್ಟರು ತೆರೆಯುವುದಿಲ್ಲ. ಫಿಲ್ಟರು ಬಿಚ್ಚಿದಾಗ, ಟ್ಯಾಂಕು ಪೂರ್ತಿ ಖಾಲಿಯಾದಾಗ, ಪೈಪಿನ ಜೋಡಣೆ ಸಡಿಲವಾದಾಗ ಗಾಳಿ ಸೇರುತ್ತದೆ. ತೆಗೆಯುವ ಕ್ರಮ ಹೀಗೆ:

1. ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇರಲಿ, ಕಾಕು ತೆರೆದಿರಲಿ. ಫಿಲ್ಟರಿನ ಸುತ್ತಲಿನ ಧೂಳನ್ನು ಮೊದಲೇ ಒರೆಸಿ.

2. ಫಿಲ್ಟರಿನ ತಲೆಯಲ್ಲಿರುವ ಗಾಳಿ ಬಿಡುವ ತಿರುಪನ್ನು ಒಂದೆರಡು ಸುತ್ತು ಸಡಿಲಿಸಿ. ಫೀಡ್ ಪಂಪಿನ ಕೈಸನ್ನೆಯನ್ನು ಒತ್ತುತ್ತಾ ಹೋಗಿ. ಟ್ಯಾಂಕು ಎತ್ತರದಲ್ಲಿರುವ ಗಾಡಿಗಳಲ್ಲಿ ಡೀಸೆಲ್ ತಾನಾಗಿ ಇಳಿದು ಬರುತ್ತದೆ. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಬಂದಾಗ, ಅದು ಹರಿಯುತ್ತಿರುವಂತೆಯೇ ತಿರುಪನ್ನು ಬಿಗಿಮಾಡಿ.

3. ಫಿಲ್ಟರು ಎರಡಿದ್ದರೆ ಎರಡನೆಯದಕ್ಕೂ, ಆಮೇಲೆ ಇಂಜೆಕ್ಷನ್ ಪಂಪಿನ ತಿರುಪಿಗೂ ಇದೇ ಕ್ರಮ. ಟ್ಯಾಂಕಿನ ಕಡೆಯಿಂದ ಇಂಜಿನ್ನಿನ ಕಡೆಗೆ ಬರಬೇಕು. ಹಿಂದುಮುಂದಾದರೆ ತೆಗೆದ ಗಾಳಿ ಮತ್ತೆ ಸೇರುತ್ತದೆ.

4. ಆಮೇಲೆ ಸೆಲ್ಫು. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ನಡುವೆ ಅರ್ಧ ನಿಮಿಷವಾದರೂ ಬಿಡುವಿರಲಿ.

ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ ಇಂಜೆಕ್ಟರಿಗೆ ಹೋಗುವ ಪೈಪಿನ ನಟ್ಟು ಸಡಿಲಿಸಿ ಗಾಳಿ ಬಿಡುವ ಪದ್ಧತಿಯಿದೆ. ಅದನ್ನು ಒಮ್ಮೆ ಮಿಸ್ತ್ರಿಯ ಪಕ್ಕ ನಿಂತು ನೋಡಿಯೇ ಮಾಡಿ. ಅಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗಬಲ್ಲದು. ಕೈಬೆರಳನ್ನು ಅಡ್ಡ ಹಿಡಿದು ನೋಡುವ ಅಭ್ಯಾಸ ಸರ್ವಥಾ ಕೂಡದು. ಹಾಗೇನಾದರೂ ಆದರೆ ಗಾಯ ಚುಕ್ಕೆಯಷ್ಟೇ ಕಂಡರೂ ತಡಮಾಡದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪಾನದ ಲೆಕ್ಕ

ಸ್ವಂತ ದುರಸ್ತಿಯಲ್ಲಿ ಸಿಟ್ಟು ಬರುವುದು ದೊಡ್ಡ ಕೆಲಸಗಳಲ್ಲಲ್ಲ. ಎರಡು ನಿಮಿಷದ ಬೋಲ್ಟು ಎರಡು ಗಂಟೆ ತಿಂದಾಗ ಬರುತ್ತದೆ. ಇದಕ್ಕೆ ಅರ್ಧ ಕಾರಣ ಪಾನವೇ.

ಎಲ್ಲ ಗಾಡಿಯ ಬೋಲ್ಟಿಗೂ ಒಂದೇ ಅಳತೆಯ ತಲೆ ಇರುವುದಿಲ್ಲ. ಜಪಾನಿ ವಿನ್ಯಾಸದ ಸಣ್ಣ ಯಂತ್ರಗಳಲ್ಲಿ 8 ಮಿ.ಮೀ. ದಪ್ಪದ ಬೋಲ್ಟಿಗೆ 12ರ ಪಾನ, 10 ಮಿ.ಮೀ. ಬೋಲ್ಟಿಗೆ 14ರ ಪಾನ ಬೇಕಾಗುವುದು ಸಾಮಾನ್ಯ. ಬೇರೆ ಯಂತ್ರಗಳಲ್ಲಿ ಅದೇ ದಪ್ಪದ ಬೋಲ್ಟುಗಳಿಗೆ 13 ಮತ್ತು 17 ಹಿಡಿಯುತ್ತದೆ. ಹಳೆಯ ಗಾಡಿ, ಹಳೆಯ ಟ್ರೇಲರುಗಳಲ್ಲಿ ಇಂಚಿನ ಬೋಲ್ಟುಗಳೂ ಇವೆ. ಅರ್ಧ ಇಂಚು ಎಂದರೆ 12.7 ಮಿ.ಮೀ.; 13ರ ಪಾನ ಹೇಗೋ ಕೂರುತ್ತದೆ. 9/16 ಇಂಚು ಎಂದರೆ ಸುಮಾರು 14.3 ಮಿ.ಮೀ.; 14 ಹೋಗುವುದಿಲ್ಲ, 15 ಜಾರುತ್ತದೆ. ಜಾರುವ ಪಾನಕ್ಕೆ ಬಲ ಹಾಕಿದಷ್ಟೂ ತಲೆ ಉರುಟಾಗುತ್ತದೆ, ಜೊತೆಗೆ ಗೆಣ್ಣಿನ ಚರ್ಮ ಹೋಗುತ್ತದೆ.

ಇನ್ನೊಂದು ಸಂಕಟ. ಬೋಲ್ಟಿನ ತಲೆಗೂ ನಟ್ಟಿಗೂ ಅಳತೆ ಒಂದೇ, ಹಿಡಿಯಲು ಎರಡು ಪಾನ ಬೇಕು. ಆದರೆ ಅಂಗಡಿಯ ಒಂದು ಸೆಟ್ಟಿನಲ್ಲಿ ಒಂದು ಅಳತೆಗೆ ಒಂದೇ ಬಾಯಿ. ಇದಕ್ಕೆ ಒಂದು ಸೆಟ್ಟು ಬಾಯಿ ಪಾನ, ಒಂದು ಸೆಟ್ಟು ರಿಂಗ್ ಪಾನ ಇಟ್ಟುಕೊಳ್ಳುವುದೇ ಉಪಾಯ. ಬಿಗಿಯಾದದ್ದನ್ನು ಮೊದಲು ಸಡಿಲಿಸಲು ಯಾವಾಗಲೂ ರಿಂಗ್ ಪಾನ, ಬೇಗ ಬಿಚ್ಚಲು ಬಾಯಿ ಪಾನ. ಅಡ್ಜಸ್ಟ್ ಆಗುವ ಪಾನವನ್ನು ನಾವು ಈಗ ನೀರಿನ ಪೈಪಿನ ಕೆಲಸಕ್ಕೆ ಮಾತ್ರ ಕೊಟ್ಟಿದ್ದೇವೆ.

ಸಿಕ್ಕಿಕೊಂಡ ಬೋಲ್ಟು

ಮಲೆನಾಡಿನ ಮಳೆ ಒಂದು ಕಡೆ, ಮೈಲುತುತ್ತದ ನೀರು ಇನ್ನೊಂದು ಕಡೆ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಔಷಧಿ ಹೊಡೆದ ಸಂಜೆಯೇ ಗಾಡಿಯ ಹಿಂಭಾಗ, ಪಂಪಿನ ಚೌಕಟ್ಟು ಎರಡನ್ನೂ ಒಳ್ಳೆಯ ನೀರಿನಲ್ಲಿ ತೊಳೆದು, ಆರಿದ ಮೇಲೆ ಬೋಲ್ಟುಗಳಿಗೆ ಎಣ್ಣೆ ಸವರಿದರೆ ಮುಂದಿನ ವರ್ಷದ ಅರ್ಧ ಗೋಳು ತಪ್ಪುತ್ತದೆ.

ಈಗಾಗಲೇ ತುಕ್ಕು ಹಿಡಿದಿದ್ದರೆ ಅವಸರಪಡಬೇಡಿ. ತಂತಿ ಬ್ರಶ್ಶಿನಿಂದ ಉಜ್ಜಿ, ತುಕ್ಕಿಗೆಂದೇ ಸಿಗುವ ಎಣ್ಣೆ ಅಥವಾ ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ತಲೆಯ ಮೇಲೆ ಸುತ್ತಿಗೆಯಿಂದ ಹಗುರವಾಗಿ ನಾಲ್ಕು ಏಟು. ಮೊದಲು ಸ್ವಲ್ಪ ಬಿಗಿಮಾಡುವ ದಿಕ್ಕಿಗೆ ಅಲುಗಿಸಿ, ಆಮೇಲೆ ಸಡಿಲಿಸಿ. ಬರದಿದ್ದರೆ ಮತ್ತೊಂದು ರಾತ್ರಿ. ಪಾನಕ್ಕೆ ಗಜದುದ್ದದ ಪೈಪು ಸಿಕ್ಕಿಸಿ ಎಳೆದರೆ ಬೋಲ್ಟು ಮುರಿದು ಅರ್ಧ ಒಳಗೇ ಉಳಿಯುತ್ತದೆ. ಅದು ಲೇತಿನವರ ಕೆಲಸ.

ಬಿಗಿಮಾಡುವಾಗಲೂ ಅಷ್ಟೆ. ಆಯಿಲ್ ಸೋರಬಾರದೆಂದು ಡ್ರೈನ್ ಪ್ಲಗ್ಗನ್ನು ಮೈಬಲವೆಲ್ಲ ಹಾಕಿ ತಿರುಗಿಸಿದರೆ ಒಳಗಿನ ಥ್ರೆಡ್ಡು ಹೋಗುತ್ತದೆ. ಸೋರಿಕೆ ತಡೆಯುವುದು ವಾಷರು, ನಮ್ಮ ರಟ್ಟೆಯಲ್ಲ. ಹೊಸ ವಾಷರು ಹಾಕಿ, ಹದವಾಗಿ ಬಿಗಿಮಾಡಿ.

ಮನೆಯವರೇ ಮಾಡಬೇಕಾದ ಕೆಲಸ

ಪ್ರತಿದಿನ ಗಾಡಿ ಸಮತಟ್ಟಿನಲ್ಲಿದ್ದಾಗ, ಸ್ಟಾರ್ಟ್ ಮಾಡುವ ಮುನ್ನ ಇಂಜಿನ್ ಆಯಿಲಿನ ಮಟ್ಟ ನೋಡುವುದು. ರೇಡಿಯೇಟರಿನ ನೀರನ್ನು ತಣ್ಣಗಿದ್ದಾಗ ಮಾತ್ರ ನೋಡುವುದು, ಜಾಲರಿಗೆ ಅಂಟಿದ ತರಗು, ಧೂಳನ್ನು ತೆಗೆಯುವುದು. ಎಣ್ಣೆ ತುಂಬುವ ಏರ್ ಕ್ಲೀನರು ಇದ್ದರೆ ಬೇಸಿಗೆಯ ಧೂಳಿನಲ್ಲಿ ದಿನವೂ ಅದರ ಬಟ್ಟಲನ್ನು ನೋಡುವುದು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗಬೇಕು. ಬ್ಯಾಟರಿ ಬಿಚ್ಚುವಾಗ ಮೊದಲು ಅರ್ಥ್ ತಂತಿ, ಹಾಕುವಾಗ ಕೊನೆಗೆ ಅರ್ಥ್ ತಂತಿ.

ಡೀಸೆಲನ್ನು ಸಂಜೆಯೇ ತುಂಬಿಸಿಡಿ. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ನೀರಾಗಿ ಡೀಸೆಲಿಗೆ ಇಳಿಯುತ್ತದೆ. ಡಬ್ಬಿಯಿಂದ ಹಾಕುವವರು ಜರಡಿಯಿರುವ ಲಾಳಿಕೆ ಬಳಸಿ. ಇಂಜಿನ್ ಆಯಿಲನ್ನು ಮೀಟರಿನ ಗಂಟೆ ನೋಡಿ, ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ಬದಲಾಯಿಸಿ. ಕಪ್ಪಾಗಿದೆ ಎಂದು ಮುಂಚೆಯೇ ಚೆಲ್ಲುವುದೂ ಬೇಡ, ಇನ್ನೂ ಇದೆ ಎಂದು ಎಳೆಯುವುದೂ ಬೇಡ. ತೆಗೆದ ಹಳೆಯ ಆಯಿಲನ್ನು ಕಪ್ಪಿಗೆ, ಹಳ್ಳಕ್ಕೆ ಬಿಡಬೇಡಿ. ಅದೇ ನೀರು ಕೆಳಗಿನವರ ಬಾವಿಗೆ ಹೋಗುತ್ತದೆ.

ಕೈ ಹಾಕಬಾರದ ಕೆಲಸ

ಇಂಜೆಕ್ಷನ್ ಪಂಪಿನ ಒಳಗಡೆ, ಗೇರ್ ಬಾಕ್ಸು, ಹೈಡ್ರಾಲಿಕ್ಕಿನ ಒಳಗಡೆ, ಸ್ಟೇರಿಂಗು ಮತ್ತು ಬ್ರೇಕು ಇವು ನಮ್ಮವಲ್ಲ. ಕೊನೆಯದರ ಬಗ್ಗೆ ಒಂದು ಮಾತು ಹೇಳಲೇಬೇಕು.

ಒಂದು ಕಾಫಿ ಕೊಯ್ಲಿನಲ್ಲಿ ಬ್ರೇಕು ಆಳಕ್ಕೆ ಹೋಗುತ್ತಿದೆಯೆಂದು ನಾವೇ ಕಡ್ಡಿ ತಿರುಗಿಸಿ ಬಿಗಿಮಾಡಿದೆವು. ಟ್ರ್ಯಾಕ್ಟರಿಗೆ ಎಡ ಬಲ ಬೇರೆ ಬೇರೆ ಬ್ರೇಕು. ಎರಡೂ ಸಮನಾಗಿ ಹಿಡಿಯುತ್ತವೆಯೇ ಎಂದು ಅಂಗಳದಲ್ಲಿ ಖಾಲಿ ಗಾಡಿ ಓಡಿಸಿ ನೋಡಬೇಕಿತ್ತು, ನೋಡಲಿಲ್ಲ. ಟ್ರೇಲರಿನಲ್ಲಿ ಮೂಟೆ ತುಂಬಿ ತೋಟದ ಇಳಿಜಾರಿನಲ್ಲಿ ಬ್ರೇಕು ತುಳಿದಾಗ ಬಲಗಾಲಿ ಮಾತ್ರ ಹಿಡಿಯಿತು. ಗಾಡಿ ಬಲಕ್ಕೆ ತಿರುಗಿ ಧರೆಗೆ ಮೂತಿ ಊರಿ ನಿಂತಿತು. ಮಡ್‌ಗಾರ್ಡಿನ ಮೇಲೆ ಕೂತಿದ್ದ ಆಳುಮಗ ಧರೆಯ ಮಣ್ಣಿನ ಮೇಲೆ ಬಿದ್ದ, ಮೈ ತರಚಿತು, ಅಷ್ಟೆ. ಎಡಕ್ಕೆ ಇದ್ದದ್ದು ಆಳವಾದ ಕಮರಿ. ಎಡಗಾಲಿ ಹಿಡಿದಿದ್ದರೆ ಅವನ ಮನೆಯವರ ಮುಂದೆ ನಾವು ಯಾವ ಮುಖ ಹೊತ್ತು ನಿಲ್ಲಬೇಕಿತ್ತು? ಅಲ್ಲ, ನಿಲ್ಲಲು ನಾವಾದರೂ ಇರುತ್ತಿದ್ದೆವೇ? ಅಂದಿನಿಂದ ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸುವುದಿಲ್ಲ, ರಸ್ತೆಯಲ್ಲೂ ಇಳಿಜಾರಿನಲ್ಲೂ ಎರಡು ಪೆಡಲುಗಳ ಕೊಂಡಿ ಹಾಕದೆ ಓಡಿಸುವುದಿಲ್ಲ, ಬ್ರೇಕಿನ ಕೆಲಸ ಮಿಸ್ತ್ರಿಯದೇ.

ನಾವು ಇಟ್ಟುಕೊಂಡಿರುವ ಅಳತೆಗೋಲು ಸರಳ: ಕೆಲಸ ಕೆಟ್ಟರೆ ಗಾಡಿ ನಿಲ್ಲುತ್ತದೆ ಎನ್ನುವಂಥದ್ದನ್ನು ನಾವು ಮಾಡಬಹುದು, ಕೆಟ್ಟರೆ ಗಾಡಿ ನಿಲ್ಲುವುದಿಲ್ಲ ಎನ್ನುವಂಥದ್ದನ್ನು ಮುಟ್ಟಬಾರದು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ, ಮೇಲಕ್ಕೆತ್ತಿದ ಸಲಕರಣೆಯ ಕೆಳಗೆ ನುಸಿಯುವುದೂ ಈ ಎರಡನೆಯ ಸಾಲಿಗೇ ಸೇರಿದ್ದು.

ಕೊನೆಯದಾಗಿ

ಶೆಡ್ಡಿನ ಗೋಡೆಗೆ ಒಂದು ಪುಸ್ತಕ ನೇತುಹಾಕಿ. ಯಾವ ದಿನ, ಮೀಟರಿನಲ್ಲಿ ಎಷ್ಟು ಗಂಟೆ, ಏನು ಬದಲಾಯಿಸಿದ್ದು, ಯಾವ ನಂಬರಿನ ಫಿಲ್ಟರು, ಯಾವ ಬೋಲ್ಟಿಗೆ ಎಷ್ಟರ ಪಾನ ಎಂದು ಬರೆದಿಡಿ. ಮಿಸ್ತ್ರಿ ಬಂದಾಗ ಪಕ್ಕದಲ್ಲಿ ನಿಂತು ನೋಡಿ, ಕೇಳಿ, ಅದನ್ನೂ ಬರೆಯಿರಿ. ಪದವಿ ಓದಿದವರೆಂಬ ಹಮ್ಮಿನಲ್ಲಿ ನಾವು ಬಹಳ ವರ್ಷ ಕೇಳದೆ ಉಳಿದೆವು. ಆ ಹಮ್ಮಿನ ಬೆಲೆ ಅರ್ಧ ತೋಟದ ಫಸಲು.

ಫಿಲ್ಟರು, ಬೆಲ್ಟುಗಳನ್ನು ಸದಸ್ಯರಿಗಾಗಿ ಒಟ್ಟಿಗೆ ತರಿಸುವ ಹಾಗೂ ಏಪ್ರಿಲ್‌ನಲ್ಲಿ ಅನುಭವಿ ಮಿಸ್ತ್ರಿಯೊಬ್ಬರನ್ನು ಸಂಘದ ಗೋದಾಮಿನ ಅಂಗಳಕ್ಕೆ ಕರೆಸಿ, ಗಾಳಿ ತೆಗೆಯುವುದನ್ನು ಎಲ್ಲರ ಕೈಯಲ್ಲೂ ಒಮ್ಮೆ ಮಾಡಿಸುವ ಸಲಹೆಯನ್ನು ಆಡಳಿತ ಮಂಡಳಿಯ ಮುಂದಿಡಲಿದ್ದೇವೆ. ಟ್ರ್ಯಾಕ್ಟರು ಇರುವ ಸದಸ್ಯರು ತಮ್ಮ ಗಾಡಿಯ ಮಾದರಿ, ಫಿಲ್ಟರಿನ ನಂಬರನ್ನು ಕಚೇರಿಗೆ ಬರೆದು ಕೊಟ್ಟರೆ ಪಟ್ಟಿ ಮಾಡಲು ಅನುಕೂಲ. ಮುಂದಿನ ಮೃಗಶಿರ ಮಳೆ ಹಿಡಿಯುವ ದಿನ ನಮ್ಮಲ್ಲಿ ಯಾರ ಗಾಡಿಯೂ ಬರೀ ಗಾಳಿಯ ಕಾರಣಕ್ಕೆ ಗದ್ದೆಯಂಚಿನಲ್ಲಿ ನಿಂತಿರಬಾರದು.

— ಕಾರ್ಯದರ್ಶಿ